ನೀಲಿ ಗೆರೆಯ ಮೇಲಿನ ಹತ್ತು ಗುಂಟೆ

ಆ ಹಳೆಯ ನಕ್ಷೆಗೆ ನಾನು ಕೊಟ್ಟದ್ದು ಮುನ್ನೂರು ರೂಪಾಯಿ. ಕುಮಟೆಯ ಗುಜರಿಯವ ಐನೂರು ಹೇಳಿದ್ದ. ಹರಿದ ಮೂಲೆ ತೋರಿಸಿ ಇಳಿಸಿದೆ. ಕೊಂಡದ್ದು ಬೇರೆ ಯಾರೂ ಅದನ್ನು ಓದಬಾರದು ಎಂದು. ಅದರಲ್ಲಿ ಕಂಡದ್ದನ್ನು ಮುಚ್ಚಿಟ್ಟು ಸಾವಿತ್ರಿಗೆ ಜಾಗ ಮಾರಿದೆ — ಇದು ನನ್ನ ತಪ್ಪು.

ನಾನು ಜಾಗದ ದಲ್ಲಾಳಿ. ಸರ್ವೆಯವರ ಅಳತೆಯ ಸರಪಳಿ ಹೊತ್ತು ನಕ್ಷೆ ಓದಲು ಕಲಿತವ. ಇದರಲ್ಲಿ ಎತ್ತರ ತೋರಿಸುತ್ತ ಮಿರ್ಜಾನದ ಗುಡ್ಡದಿಂದ ಇಳಿಯುವ ಕಂದು ಗೆರೆಗಳು ಒಂದು ಕಡೆ ನಿಂತುಬಿಡುತ್ತವೆ. ಅಲ್ಲಿಂದಾಚೆ ನೆಲವೂ ನದಿಯೂ ಒಂದೇ ಮಟ್ಟ. ನಾನು ಅಗ್ಗಕ್ಕೆ ಹಿಡಿದು ಮಣ್ಣು ತುಂಬಿಸಿದ್ದ ಹತ್ತು ಗುಂಟೆಯ ಮೇಲೆ ಅಘನಾಶಿನಿಯ ಒಂದು ಕವಲು, ನೀಲಿಯಾಗಿ, ಸರಿಯಾಗಿ ನಡುವೆ... ಗುಜರಿ ಅಂಗಡಿಯ ಕಟ್ಟೆಯ ಮೇಲೇ ಬೆರಳಿಟ್ಟು ನೋಡಿದೆ. ಮಡಚಿ ತಂದು ಕಪಾಟಿನಲ್ಲಿಟ್ಟೆ.

ಸಾವಿತ್ರಿ ಅಂಗನವಾಡಿ ಟೀಚರು. ಗಂಡ ಇಲ್ಲ, ಮಗಳೊಬ್ಬಳು. ಜಾಗ ತೋರಿಸಲು ಅಷ್ಟಮಿಯ ದಿನ ಆರಿಸಿದೆ. ಹೊಳೆಬದಿಯವರಿಗೆ ಗೊತ್ತು — ಅಮಾವಾಸ್ಯೆ, ಹುಣ್ಣಿಮೆಗೆ ಕಡಲ ಭರತಿಯ ನೀರು ಹೊಳೆಗೆ ಉಕ್ಕಿ ಬರುತ್ತದೆ, ಅಷ್ಟಮಿಗೆ ಸತ್ತ ಹಾಗೆ ಬಿದ್ದಿರುತ್ತದೆ. ಅವಳು ಘಟ್ಟದ ಮೇಲಿನವಳು, ಇದು ತಿಳಿಯದು. ಅಷ್ಟಮಿ ಒಳ್ಳೇದಲ್ಲ ಎಂದು ಹಿಂಜರಿದಾಗ, ಟೀಚರಾಗಿ ತಿಥಿ ನೋಡ್ತೀಯಲ್ಲ ಎಂದು ಗೇಲಿ ಮಾಡಿದೆ.

"ನೀರು ಬರೂದಿಲ್ಲ ಅಲ್ಲಾ, ಅಣ್ಣಾ?"

"ಬರೂದಾದ್ರೆ ನಿನ್ನ ಕೇಳಿಯೇ ಬತ್ತದೆ, ತಂಗಿ."

ನಕ್ಕಳು. ಮನೆ ಕಟ್ಟಿದಳು.

ಕಳೆದ ಅಮಾವಾಸ್ಯೆಯ ಬೆಳಿಗ್ಗೆ ಅವಳ ಫೋನು. "ಅಣ್ಣಾ, ಅಡುಗೆಮನೇಲಿ ಏಡಿ ಹರದಾಡ್ತದೆ. ಮಗಳು ಸಾರು ಮಾಡುವ ಅಂತ ಹೇಳ್ತದೆ. ಎಂತ ಆಗೂದಿಲ್ಲ ಅಲ್ಲಾ?"

ಎಂತ ಆಗೂದಿಲ್ಲ ಎಂದೆ. ಎರಡನೇ ಸುಳ್ಳು.

ಫೋನಿಟ್ಟು ನಕ್ಷೆ ಬಿಡಿಸಿದೆ. ಅವಳ ಬಾಗಿಲಿನಿಂದ ಗುಡ್ಡದ ಕಡೆ ಬೆರಳು ಎಳೆದೆ — ಹೊರಗೆ ಬರುವ ದಾರಿಯೂ ಅದೇ ನೀಲಿಯಲ್ಲಿ ಇದೆ. ಬೇರೆ ದಾರಿ ಇಲ್ಲ. ಅಂದಿನಿಂದ ಮಳೆ ಜೋರಾದರೆ ಕೂರಲಾಗುವುದಿಲ್ಲ. ಫೋನು ಬಡಿದುಕೊಂಡರೆ ಎತ್ತಲು ಕೈ ಬರುವುದಿಲ್ಲ. ಆ ಮಗು ಸ್ಲೇಟು ಹಿಡಿದು ಹೊಸ್ತಿಲಲ್ಲಿ ಕೂರುವುದನ್ನು ನಾನು ನೋಡಿದ್ದೇನೆ...

ಹುಣ್ಣಿಮೆಗೆ ಇನ್ನು ನಾಲ್ಕು ದಿನ. ನಾಳೆ ಹೋಗಿ ಎಲ್ಲ ಹೇಳುತ್ತೇನೆ. ತಾಯಿ ಮಗಳು ಮೊದಲು ಪೇಟೆಯ ನನ್ನ ಮನೆಗೆ ಬರಲಿ. ಜಾಗ ನಾನೇ ವಾಪಸ್ ತಗೊಳ್ಳುತ್ತೇನೆ, ಅವಳು ಹೇಳಿದ ಬೆಲೆಗೆ, ಚೌಕಾಸಿ ಇಲ್ಲ. ಉಗಿದರೆ ಒರೆಸಿಕೊಳ್ಳುತ್ತೇನೆ.

ನೀವು ಹೊಳೆಬದಿ ಜಾಗ ಕೊಳ್ಳುವವರಿದ್ದರೆ, ದಲ್ಲಾಳಿಯ ಜೊತೆ ಹೋಗಬೇಡಿ. ಒಬ್ಬರೇ ಹೋಗಿ ಪಕ್ಕದ ಮನೆಯಲ್ಲಿ ಕುಡಿಯಲು ನೀರು ಕೇಳಿ. ಅಂಗಳದಲ್ಲಿ ಬಾವಿ ಇದ್ದೂ, ಅದರ ನೀರು ಉಪ್ಪೆಂದು ದೂರದಿಂದ ಹೊತ್ತು ತಂದ ಕೊಡ ಬಗ್ಗಿಸಿ ಕೊಟ್ಟರೆ — ಕುಡಿದು, ಬಂದ ದಾರಿ ಹಿಡಿಯಿರಿ.