ಮಾಮಾ ತಂದ ಕಫದ ಬಾಟಲಿ

ನಮ್ಮ ಮಾಮಾನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿಯೇ. ತಾಯಿಯ ತಮ್ಮ, ಮಿಲಿಟರಿಯ ಫಿರಂಗಿ ದಳದಿಂದ ನಿವೃತ್ತನಾಗಿ ನಾಸಿಕ್‌ನಲ್ಲೇ ನಿಂತು, ಅಂಬಡ್‌ನ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದ. ತೊಂಬತ್ತರ ಸುಮಾರಿಗೆ ಬ್ಯಾಂಕು ನನ್ನನ್ನು ಅದೇ ಊರಿಗೆ ವರ್ಗ ಮಾಡಿದಾಗ ಅವನ ಕೆಮ್ಮು ನನ್ನ ಪಾಲಿಗೆ ಬಂತು. ಮಾಮಿಯೂ ಕೆಮ್ಮುತ್ತಿದ್ದಳು; ಒಲೆಯ ಹೊಗೆಗೆ ಇರಬೇಕೆಂದು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.

ಮಾಜಿ ಸೈನಿಕರನ್ನು ನೋಡುವ ಡಾಕ್ಟರು ಮಾಮಾನ ಎಕ್ಸ್‌ರೇ ಹಿಡಿದು, ಇದರಲ್ಲಿ ಏನೂ ಕಾಣದು, ಆದರೆ ಇಷ್ಟು ವರ್ಷ ಬೀಡಿ ಸೇದಿದವರ ಕಫದಲ್ಲಿ ಕ್ಯಾನ್ಸರಿನ ಜೀವಕೋಶ ಮೊದಲೇ ಸಿಗಬಹುದು ಎಂದರು. ಬೆಳಿಗ್ಗೆ ಎದ್ದಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದದ್ದು ಬೇಕೆಂದು ಬಾಟಲಿ ಕೊಟ್ಟರು. ನನ್ನ ಜೊತೆ ಮರಳುವ ದಾರಿಯುದ್ದಕ್ಕೂ ಮಾಮಾ ಸಿಡಿಮಿಡಿ. ಮಿಲಿಟರಿಯಲ್ಲಿ ಡಾಕ್ಟರ ಮುಂದೆ ಕೆಮ್ಮಿದವನನ್ನು ಕೆಳಗಿನ ದರ್ಜೆಗೆ ತಳ್ಳುತ್ತಿದ್ದರಂತೆ. ಕೆಮ್ಮು ನುಂಗುವುದನ್ನು ಅಲ್ಲೇ ಕಲಿತಿದ್ದ. ಈಗ ಗೇಟಿನ ಕೆಲಸ ಹೋದೀತೆಂಬ ಭಯ.

ಅಂಥವನು ಮರುದಿನ ತಾನಾಗಿಯೇ ಬಾಟಲಿ ಹಿಡಿದು ಪಂಚವಟಿಯ ನಮ್ಮ ಮನೆಗೆ ಬಂದರೆ ಯಾರಾದರೂ ನಂಬುತ್ತಾರೆಯೇ? ಬೆಳಕಿಗೆ ಹಿಡಿದು ನೋಡಿದೆ. ಕಫದಲ್ಲಿ ಕಪ್ಪು ಚೂರು. ಮಿಶ್ರಿ, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ! ಮಿಶ್ರಿ ತಿಕ್ಕದೆ ಮಾಮಿಗೆ ಬೆಳಗೇ ಆಗುತ್ತಿರಲಿಲ್ಲ. ಬೀಡಿ ಬಿಟ್ಟೆನೆಂದು ಆಣೆ ಮಾಡಿದವನು ಈಗ ಅವಳ ಡಬ್ಬಿಗೆ ಕೈ ಹಾಕಿದ್ದಾನೆ, ಕಳ್ಳ, ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಆದರೂ ಬಾಟಲಿಯನ್ನು ಡಾಕ್ಟರಿಗೆ ಕೊಟ್ಟು ಬಂದೆ.

ಕೆಲವು ದಿನ ಕಳೆದು ಡಾಕ್ಟರು ನನ್ನನ್ನೂ ಮಾಮಾನನ್ನೂ ಕರೆಸಿದರು. ಕಫದಲ್ಲಿ ಕೆಟ್ಟ ಜೀವಕೋಶಗಳಿವೆ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ತಡಮಾಡದೆ ದಾಖಲಾಗಿ ಎಂದರು. ನಾನು ಮಾಮಾನ ಭುಜ ಹಿಡಿದೆ. ಅವನು ಡಾಕ್ಟರ ಕಡೆ ನೋಡದೆ ನನಗೆ ಕನ್ನಡದಲ್ಲಿ ಹೇಳಿದ.

"ಅದು ನಂದಲ್ಲಪಾ. ನಿಮ್ಮ ಮಾಮೀಗೆ ಬಾಟಲ್ಯಾಗ ಕೆಮ್ಮಿ ಕೊಡು ಅಂದಿದ್ದೆ. ಆಕಿ ಬೀಡಿ ಮುಟ್ಟಿದಾಕಿ ಅಲ್ಲ, ಆಕೀದು ಸ್ವಚ್ಛ ಇರತೈತಿ ಅಂತ ತಿಳದೆ."

ಬೀಡಿ ಮುಟ್ಟದಿದ್ದರೇನು, ಒಂದೇ ಕೋಣೆಯಲ್ಲಿ ಅವನ ಹೊಗೆ ಕುಡಿದೇ ಬದುಕಿದ್ದಳು. ಅವನಿಗೆ ಎರಡು ಬಾರಿಸಬೇಕೆನಿಸಿತು. ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು.

ಮನೆಗೆ ಬಂದಾಗ ಮಾಮಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾತ್ರಿ, ಪಾಸಾದ್ರಿಲ್ಲೋ?" ಎಂದು ಮಾಮಾನನ್ನು ಕೇಳಿದಳು. ಕೇಳಿ, ನನಗೆ ಗೊತ್ತಾಗಬಾರದೆಂದು ಸೆರಗು ಅಡ್ಡ ಹಿಡಿದು, ಅವನಿಗೆ ಕಣ್ಸನ್ನೆ ಮಾಡಿ ನಕ್ಕಳು.