ದೊಡ್ಡ ಮೀನು ಹೋದ ಮೇಲೆ ಅಳೆದದ್ದು

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಮಗೆ ಅನುಮಿತಿ ಕಲಿಸಿದ ಮನುಷ್ಯನಿಗೆ ಅನುಮಿತಿ ಬರುತ್ತಿರಲಿಲ್ಲ. ಇದನ್ನು ಮೆತ್ತಗೆ ಹೇಳುವ ದಾರಿ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಅನುಮಿತಿ ಎಂದರೆ, ಕೈಗೆ ಸಿಕ್ಕ ಸ್ವಲ್ಪವನ್ನು ನೋಡಿ ಕೈಗೆ ಸಿಗದ ಪೂರ್ತಿಯ ಬಗ್ಗೆ ಎಷ್ಟು ಧೈರ್ಯದಿಂದ ಮಾತಾಡಬಹುದು ಎಂಬುದರ ಲೆಕ್ಕ. ನಮ್ಮ ವಿಭಾಗದ ಮುಖ್ಯಸ್ಥರ ಧೈರ್ಯಕ್ಕೆ ಆ ಸ್ವಲ್ಪವೂ ಬೇಕಾಗಿರಲಿಲ್ಲ.

ಕಾಲೇಜು ಯಾದಗಿರಿಯಲ್ಲಿತ್ತು, ಹೆಸರು ಬೇಡ. ನಾನು ಶಹಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತರಗತಿಯಲ್ಲಿ ಹನ್ನೊಂದು ಜನ. ಮುಖ್ಯಸ್ಥರು ಉದ್ದನೆಯ ಹಳೇ ನೋಟ್‌ಬುಕ್ಕೊಂದನ್ನು ಎಡಗೈಯಲ್ಲಿ ಹಿಡಿದು ಬರುತ್ತಿದ್ದರು, ಕುರ್ಚಿಯಲ್ಲಿ ಕೂತು ಓದಿ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಬೋರ್ಡಿನ ಮೇಲೆ ಅವರು ಬರೆದದ್ದನ್ನು ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ರಜೆಯ ನೋಟೀಸು.

ಒಂದು ದಿನ ಯಾವುದೋ ಪ್ರಮೇಯದ ಸಾಧನೆ ಬರೆಸುತ್ತಿದ್ದರು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಅದು ಹೇಗೆ ಹಾರಿತೆಂದು ನನಗೆ ಗೊತ್ತಾಗಲಿಲ್ಲ. ಕೈ ಎತ್ತಿದೆ.

"ಸರ್, ಈ ಸಾಲಿನಿಂದ ಆ ಸಾಲು ಹೆಂಗ ಬಂತ್ರಿ?"

ಅವರು ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ಕ್ಲಿಯರ್ಲಿ ಅಂತ ಬರದದಲ್ಲವಾ?"

"ನನಗ ಕ್ಲಿಯರ್ ಆಗವಲ್ದ್ರಿ."

"ಹಂಗಾದ್ರ ತಪ್ಪು ನಿಂದು. ನೋಟ್ಸಿನಾಗ ಕ್ಲಿಯರ್ ಅದ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುಂದಿನ ಬೆಂಚಿನ ಸುರಪುರದ ಹುಡುಗ. ನಾಲ್ಕು ಬಣ್ಣದ ಪೆನ್ನು ಇಟ್ಟುಕೊಂಡು ಬರುತ್ತಿದ್ದ, ಎರಡು ವರ್ಷದಲ್ಲಿ ಅವನು ಕೇಳಿದ ಪ್ರಶ್ನೆ ಒಂದೇ: "ಸರ್, ಇದು ಎಷ್ಟ ಮಾರ್ಕ್ಸಿಗ್ರಿ?" ನಾನು ಲೈಬ್ರರಿಗೆ ಹೋಗಿ ಪುಸ್ತಕ ತೆಗೆಸಿದೆ. ಆ ಎರಡು ಸಾಲುಗಳ ನಡುವೆ ಇನ್ನೂ ನಾಲ್ಕು ಸಾಲುಗಳಿದ್ದವು. ಯಾವ ಕಾಲದಲ್ಲೋ ಅವಸರದಲ್ಲಿ ನಕಲು ಮಾಡುವಾಗ ಬಿಟ್ಟುಹೋಗಿ, ಅಂದಿನಿಂದ ವರ್ಷ ವರ್ಷವೂ ಮಕ್ಕಳು ಆ ಗುಂಡಿಯ ಮೇಲೆ ಹಾರಿ ಪಾಸಾಗುತ್ತಿದ್ದರು. ಕಿರುಪರೀಕ್ಷೆಯಲ್ಲಿ ನಾನು ನಾಲ್ಕೂ ಸಾಲು ಸೇರಿಸಿ ಬರೆದೆ. ಕೆಂಪು ಶಾಯಿಯಲ್ಲಿ "ನೋಟ್ಸಿನಲ್ಲಿ ಇಲ್ಲ" ಎಂದು ಬರೆದು ಅಂಕ ಕತ್ತರಿಸಿದ್ದರು.

ಆವತ್ತಿನಿಂದ ನನಗೆ ಆ ಕೋಣೆಯಲ್ಲಿ ಕೂತ ಯಾರ ಮೇಲೂ ಗೌರವ ಉಳಿಯಲಿಲ್ಲ. ನಾನೊಬ್ಬಳು ಬೇರೆ ಎಂದುಕೊಂಡೆ. ಅದು ಎಂಥ ಸುಳ್ಳೆಂಬುದು ಗೊತ್ತಾಗಲು ಒಂದು ವರ್ಷವೂ ಬೇಕಾಗಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಇತ್ತು. ಎಲ್ಲಿಂದಾದರೂ ಮಾಹಿತಿ ತಂದು, ಒಂದು ಊಹೆ ಇಟ್ಟುಕೊಂಡು, ಅದು ನಿಲ್ಲುತ್ತದೋ ಬೀಳುತ್ತದೋ ಪರೀಕ್ಷೆ ಮಾಡಬೇಕು. ಸುರಪುರದ ಹುಡುಗ ಪಿಯು ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಓದುತ್ತಾರೆಂಬ ವಿಷಯ ಆರಿಸಿಕೊಂಡ. ಒಬ್ಬ ಹುಡುಗನನ್ನೂ ಕೇಳಲಿಲ್ಲ. ಕಂಪ್ಯೂಟರಿಗೆ ಹೇಳಿ ಚೀಟಿ ಎತ್ತಿದಂತೆ ಸಂಖ್ಯೆಗಳನ್ನು ಉದುರಿಸಿಕೊಂಡ. "ನೀ ಯಾಕ ಬಿಸಲಾಗ ತಿರಗಾಡ್ತಿ? ಫಾರ್ಮುಲಾ ಹಾಕಿದ್ರ ಎರಡ ನಿಮಿಷದಾಗ ಇನ್ನೂರು ಹುಡುಗರು ಬರ್ತಾರ" ಎಂದು ನನಗೂ ಉಪದೇಶ ಮಾಡಿದ. ಪುಸ್ತಕ ಕೇಳುವುದು ಯಾರೂ ಬೇಕೆಂದು ಆರಿಸದ, ತಾನಾಗಿ ಬಿದ್ದ ಮಾದರಿಯನ್ನು. ಇಡೀ ವಿಭಾಗದಲ್ಲಿ ಆ ಲಕ್ಷಣ ಇದ್ದದ್ದು ಅವನ ಸುಳ್ಳಿಗೆ ಮಾತ್ರ.

ನಾನು ಹತ್ತಿಕುಣಿಗೆ ಹೋದೆ. ಡ್ಯಾಮಿನ ಒಡ್ಡಿನ ಹತ್ತಿರ ಹಿಡಿದ ಕಟ್ಲಾ ಮೀನಿಗೂ ಹಳ್ಳ ಬಂದು ಸೇರುವ ಆಚೆ ದಂಡೆಯಲ್ಲಿ ಹಿಡಿದ ಕಟ್ಲಾ ಮೀನಿಗೂ ಉದ್ದದಲ್ಲಿ ವ್ಯತ್ಯಾಸವಿದೆಯೇ ಎಂಬುದು ನನ್ನ ಪ್ರಶ್ನೆ. ಪ್ರತಿ ಭಾನುವಾರ ಶಹಾಪುರದಿಂದ ಮೊದಲ ಬಸ್ಸು ಹಿಡಿದು ಯಾದಗಿರಿ, ಅಲ್ಲಿಂದ ಇನ್ನೊಂದು ಗಾಡಿ. ಎಂಟೂವರೆಗೆ ದಂಡೆಯ ಮೇಲೆ ಇರುತ್ತಿದ್ದೆ. ಒಡ್ಡಿನ ಕಡೆಯ ಬುಟ್ಟಿಗಳ ಮುಂದೆ ಒಬ್ಬ ಮುದುಕಿ ಕೂತಿರುತ್ತಿದ್ದಳು. ಮೊದಲ ದಿನವೇ ಕೇಳಿದಳು:

"ಯವ್ವಾ, ಇವನ್ಯಾಕ ಅಳಿಯಾಕತ್ತಿ?"

"ಕಾಲೇಜಿಗ್ರಿ ಆಯಿ. ಈ ಕಡಿ ಮೀನ ದೊಡ್ಡುವೋ, ಆ ಕಡಿವು ದೊಡ್ಡುವೋ ನೋಡಬೇಕ್ರಿ."

"ಅಳಿ, ಅಳಿ" ಎಂದಳು.

ದರ್ಜಿಯ ಟೇಪು ಹಿಡಿದು ಅಳೆದೆ. ಎರಡು ತಿಂಗಳು ಅಳೆದೆ. ಮೈಯೆಲ್ಲ ಮೀನಿನ ವಾಸನೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ಲೆಕ್ಕ ಹಾಕಿದಾಗ ಫಲಿತಾಂಶ ಚೊಕ್ಕವಾಗಿ ಬಂತು: ಆಚೆ ದಂಡೆಯ ಮೀನು ದೊಡ್ಡವು; ವ್ಯತ್ಯಾಸವಿಲ್ಲ ಎಂಬ ಊಹೆ ಬಿದ್ದುಹೋಯಿತು. ಮುಖ್ಯಸ್ಥರು ಮೊದಲ ಸಲ ನನ್ನ ಮುಖ ನೋಡಿ ನಕ್ಕರು. "ರಿಜೆಕ್ಟ್ ಆತಲ್ಲ? ಶಾಣ್ಯಾ ಹುಡುಗಿ." ಅವರ ಮಟ್ಟಿಗೆ ಊಹೆ ಬಿದ್ದರೆ ಪ್ರಾಜೆಕ್ಟ್ ಗೆದ್ದಂತೆ, ಊಹೆ ನಿಂತರೆ ಫೇಲಾದಂತೆ.

ಮುದುಕಿಗೆ ಹೇಳಿ ಬರೋಣವೆಂದು ಮುಂದಿನ ಭಾನುವಾರ ಹೋದೆ. ಹೇಳುವುದೇನು, ಜಂಬ ಕೊಚ್ಚಿಕೊಳ್ಳಲಿಕ್ಕೆಂದೇ ಹೋದೆ.

"ಆಯಿ, ಆ ಕಡಿ ಮೀನ ದೊಡ್ಡು ಅಂತ ಬಂತ್ರಿ."

"ಯಾರ ಹೇಳಿದ್ರು?"

"ಲೆಕ್ಕ ಹೇಳ್ತದ್ರಿ."

ಅವಳು ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ ನನ್ನನ್ನು ನೋಡಿದಳು. "ನೀ ಬರೂದು ಎಷ್ಟಕ್ಕ? ಎಂಟೂವರಿಗೆ. ಟೆಂಪೋ ಬರೂದು ಆರಕ್ಕ. ಈ ಕಡಿ ಬುಟ್ಟ್ಯಾಗಿನ ದೊಡ್ಡು ಮೀನೆಲ್ಲ ಆರಿಸಿ ಟೆಂಪೋದಾಗ ಹಾಕಿ ಕಳಿಸಿರ್ತೀವಿ. ಆ ಕಡಿ ತೆಪ್ಪ ಬರೂದ್ರಾಗ ಟೆಂಪೋ ಹೋಗಿರ್ತದ, ಅವು ಹಂಗ ಉಳೀತಾವ. ನೀ ನಮ್ಮವು ಉಳದದ್ದು ಅಳದಿ, ಅವರವು ಎಲ್ಲಾ ಅಳದಿ."

"ಮದಲ ಯಾಕ ಹೇಳ್ಲಿಲ್ರಿ ಆಯಿ?"

"ನೀ ಯಾವಾಗ ಕೇಳಿದಿ?"

ಕೇಳಿರಲಿಲ್ಲ. ಎರಡು ತಿಂಗಳು ಅವಳ ಬುಟ್ಟಿಗೆ ಕೈಹಾಕಿದವಳು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವಳು ಹೇಳಿದ್ದೇ ಅನುಮಿತಿಯ ಮೊದಲ ಪಾಠ: ಮೀನು ನಿನ್ನ ಕೈಗೆ ಹೇಗೆ ಬಂತೆಂದು ಗೊತ್ತಿಲ್ಲದಿದ್ದರೆ ನಿನ್ನ ಸೂತ್ರ ಯಾವ ಕೆಲಸಕ್ಕೂ ಬಾರದು. ನಮ್ಮ ಮುಖ್ಯಸ್ಥರ ನೋಟ್‌ಬುಕ್ಕಿನಲ್ಲಿ ಇದೂ ಬಿಟ್ಟುಹೋಗಿತ್ತು.

ಮತ್ತೆ ಕೆಲವು ವಾರ ಅಳೆದೆ. ಶನಿವಾರ ಯಾದಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಗಿನ ಐದಕ್ಕೇ ಆಟೋ ಹಿಡಿದು, ಟೆಂಪೋ ಬರುವ ಮೊದಲೇ ಹೋಗಿ ಬುಟ್ಟಿ ಮುಟ್ಟಿದೆ. ಈ ಸಲ ಮುದುಕಿ ತಾನೇ ಮೀನು ಎತ್ತಿ ಎತ್ತಿ ಕೊಟ್ಟಳು. ಲೆಕ್ಕ ಹಾಕಿದರೆ ವ್ಯತ್ಯಾಸವೇ ಇಲ್ಲ. ನನ್ನ ಜೀವನದಲ್ಲಿ ಏನೂ ಸಿಗದೆ ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ. ಹೊಸ ಲೆಕ್ಕವನ್ನೂ ಮೊದಲ ಅಳತೆ ಯಾಕೆ ತಪ್ಪಾಯಿತು ಎಂಬುದನ್ನೂ ಒಂದು ಪೂರ್ತಿ ಅಧ್ಯಾಯವಾಗಿ ಬರೆದು ಸೇರಿಸಿದೆ.

ಮುಖ್ಯಸ್ಥರು ಹಾಳೆ ತಿರುವಿದರು. "ಎರಡ ಉತ್ತರ ಯಾಕ ಅವ ಇದ್ರಾಗ?"

"ಮದಲಿಂದು ತಪ್ಪ್ರಿ ಸರ್. ದೊಡ್ಡು ಮೀನ ಆರಿಸಿ ತಗೊಂಡ ಹೋಗಿದ್ರು."

"ತಪ್ಪ ಹೆಂಗ ಆಗ್ತದ? ರಿಜೆಕ್ಟ್ ಆಗ್ಯಾದಲ್ಲ!"

"ಸ್ಯಾಂಪಲ್ಲ ಸರಿ ಇರಲಿಲ್ರಿ."

"ನೋಡವಾ, ಎರಡನೇದ್ರಾಗ ಏನೂ ಸಿಕ್ಕಿಲ್ಲ. ಏನೂ ಸಿಗಲಾರದ್ದನ್ನ ಯಾರ ಓದ್ತಾರ? ಈ ಚಾಪ್ಟರ್ ಹರದ ತಾ, ಸಹಿ ಮಾಡ್ತೀನಿ. ಇದ್ದರ ಮಾಡಂಗಿಲ್ಲ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಶಹಾಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ ಮಾಡುತ್ತಿದ್ದ. ಅರ್ಧ ತಾಸು ಓಡಿಸಿ ನೋಡದೆ ಒಂದು ಮೋಟಾರನ್ನೂ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ಅವನಾದರೂ ನನ್ನ ಪರ ಮಾತಾಡುತ್ತಾನೆ ಎಂದುಕೊಂಡಿದ್ದೆ. ತಂತಿಯಿಂದ ಕಣ್ಣೆತ್ತದೆ ಹೇಳಿದ: "ಹರದ ಕೊಡು. ಮೀನಿಗೇನ ನೋವಾಗ್ತದೇನು? ಸಹಿ ತಗೊಂಡ ಬಾ."

ಅಪ್ಪನ ಮೇಲೆ ಸಿಟ್ಟು ಬಂತು. ಆದರೆ ಒಳಗೆ ಎಲ್ಲೋ ಹಗುರವೂ ಆಯಿತು. ನಾನು ಮಾಡಬೇಕೆಂದಿದ್ದದ್ದನ್ನು ಅವನ ಬಾಯಿಂದ ಹೇಳಿಸಿಕೊಂಡು ಬಂದೆ, ಅಷ್ಟೆ. ಮರುದಿನ ಬೈಂಡಿಂಗ್ ಅಂಗಡಿಯಲ್ಲಿ ನಿಂತು ಆ ಅಧ್ಯಾಯವನ್ನು ನಾನೇ ಎಳೆದು ತೆಗೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಅವರ ಗಮನವೆಲ್ಲ ಊಟ ಎಷ್ಟಕ್ಕೆ ಎಂಬುದರ ಮೇಲಿತ್ತು. ಸುರಪುರದ ಹುಡುಗನನ್ನು ವ್ಯಾಖ್ಯೆ ಕೇಳಿದರು. ಅವನು ಕಾಮಾ ಸಮೇತ ಒಪ್ಪಿಸಿದ. ನನ್ನ ಪುಸ್ತಕವನ್ನು ಮಾತ್ರ ಸ್ವಲ್ಪ ಹೊತ್ತು ತಿರುವಿ, "ಚಲೋ ಅದ. ಆಚಿ ದಂಡಿ ಮೀನ ಯಾಕ ದೊಡ್ಡು ಇರ್ತಾವ?" ಎಂದರು.

ನಿಜವಾದ ಪ್ರಶ್ನೆ. ಎರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರಾದರೂ ನನ್ನನ್ನು ಕೇಳಿದ ಮೊದಲ ಪ್ರಶ್ನೆ. "ಇಲ್ರಿ ಸರ್, ದೊಡ್ಡು ಇರಂಗಿಲ್ಲ" ಎಂದರೆ ಮುಗಿಯುತ್ತಿತ್ತು. ಮುಖ್ಯಸ್ಥರು ಪಕ್ಕದಲ್ಲಿ ಕೂತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು.

"ಹಳ್ಳದ ನೀರಿನಾಗ ಆಹಾರ ಹೆಚ್ಚ ಬರ್ತದ್ರಿ ಸರ್" ಎಂದೆ.

ಯಾರೂ ನನಗೆ ಹೇಳಿಕೊಟ್ಟ ಮಾತಲ್ಲ. ಅಷ್ಟು ಸಲೀಸಾಗಿ ಬಂತೆಂದರೆ, ಎಲ್ಲೋ ಓದಿದ್ದೆನೇನೋ ಎಂದು ಒಂದು ಕ್ಷಣ ನನಗೇ ಅನ್ನಿಸಿತು. ಪರೀಕ್ಷಕರು "ಬರೋಬರಿ" ಎಂದು ತಲೆಯಾಡಿಸಿದರು. ಪ್ರಾಜೆಕ್ಟಿನಲ್ಲಿ ತರಗತಿಗೇ ಹೆಚ್ಚು ಅಂಕ ನನಗೆ ಬಂದವು. ಸುರಪುರದ ಹುಡುಗ ಮುಖ ಊದಿಸಿಕೊಂಡು, "ನಿನ್ನ ಮೀನ ಬಾಳ ಶಾಣ್ಯಾ ಅವ ಬಿಡು" ಎಂದ. ಆ ಕ್ಷಣ ಅವನಿಗೂ ನನಗೂ ಇದ್ದ ವ್ಯತ್ಯಾಸ ಯಾವ ಪರೀಕ್ಷೆಯಲ್ಲೂ ಕಾಣುತ್ತಿರಲಿಲ್ಲ. ಹಾಗೆ ನೋಡಿದರೆ ಅವನೇ ವಾಸಿ. ಮಕ್ಕಳು ನಿಜಕ್ಕೂ ಎಷ್ಟು ಓದುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ, ಮೀನಿನ ನಿಜ ನನಗೆ ಗೊತ್ತಿತ್ತು.

ಈಗ ನಾನು ಸುರಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋದ ವರ್ಷ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳೇ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಮಾತಿಗೆ ಸಿಕ್ಕಳು. ನಾನು ಅಲ್ಲೇ ಓದಿದವಳೆಂದು ಗೊತ್ತಾಗಿ ನೋಟ್ಸು ತೋರಿಸಿದಳು. ಎರಡು ಗುಂಪುಗಳ ಹೋಲಿಕೆ ಎಂಬಲ್ಲಿ ಉದಾಹರಣೆ: ಜಲಾಶಯದ ಆಚೆ ದಂಡೆಯ ಮೀನುಗಳು ದೊಡ್ಡವು, ಕಾರಣ ಹಳ್ಳದ ನೀರಿನಲ್ಲಿ ಆಹಾರ ಹೆಚ್ಚು.

"ಇದು ಸುಳ್ಳವಾ" ಎಂದೆ.

"ಮೇಡಂ, ಪರೀಕ್ಷಾದಾಗ ಬರ್ತದ್ರಿ" ಎಂದಳು ಹುಡುಗಿ, ಗಾಬರಿಯಿಂದ.

ಅದೇ ವಾರ ಯಾದಗಿರಿಗೆ ಹೋಗಿ ಮುಖ್ಯಸ್ಥರನ್ನು ಕಂಡೆ. ನನ್ನ ಗುರುತು ಹತ್ತಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಉದಾಹರಣೆ ತೆಗೆಯಿರಿ, ತಪ್ಪಿದೆ ಎಂದೆ. "ಇರ್ಲಿ ಬಿಡವಾ, ಹುಡುಗರಿಗಿ ಸರಳ ಆಗ್ತದ" ಎಂದು ಚಹಾ ತರಿಸಿದರು. ಚಹಾ ಕುಡಿಯಲಿಲ್ಲ. ನೇರ ಲೈಬ್ರರಿಗೆ ಹೋಗಿ ನನ್ನ ಪ್ರಾಜೆಕ್ಟ್ ಕೇಳಿದೆ. ಲೈಬ್ರರಿಯವನು ಕಪಾಟಿನ ಕೆಳಗಿನ ಸಾಲಿನಿಂದ ತೆಗೆದು ಕೊಟ್ಟ. ಫಲಿತಾಂಶದ ಪುಟ ತೆರೆದು ಖಾಲಿ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಬರೆದೆ: ಈ ಅಳತೆ ತಪ್ಪು. ಒಡ್ಡಿನ ಕಡೆಯ ದೊಡ್ಡ ಮೀನುಗಳನ್ನು ಮೊದಲೇ ಆರಿಸಿ ಒಯ್ದಿದ್ದರು. ಮತ್ತೆ ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಆಹಾರದ ಮಾತು ನಾನು ಕಟ್ಟಿದ್ದು.

"ಏ ಮೇಡಂ, ಲೈಬ್ರರಿ ಬುಕ್ಕಿನಾಗ ಏನ ಗೀಚಾಕತ್ತೀರಿ?" ಎಂದು ಲೈಬ್ರರಿಯವನು ಕೌಂಟರಿನಿಂದ ಎದ್ದು ಬಂದ.

"ನನ್ನ ಬುಕ್ಕ ಇದು."

"ನಿಮ್ಮದಿದ್ರ ಮನ್ಯಾಗ ಇಟಗೋರಿ. ಇದು ಸ್ಟಾಕಿನಾಗ ಅದ."

ಕೆಳಗೆ ಸಹಿ ಹಾಕುವಷ್ಟು ಹೊತ್ತು ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಅವನು ಕಸಿದುಕೊಂಡ. ಅದನ್ನು ಯಾರೂ ತೆರೆಯುವುದಿಲ್ಲವೆಂದು ನನಗೆ ಗೊತ್ತು. ಅಲ್ಲಿ ಯಾರೂ ಏನನ್ನೂ ತೆರೆಯುವವರಲ್ಲ. ನಾಲ್ಕೂವರೆಯ ಬಸ್ಸಿತ್ತು, ಹೊರಟು ಬಂದೆ.