ಎಕ್ಸ್‌ಚೇಂಜ್ ಅಕ್ಕನ ಜಾಣಕಿವುಡು

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಎಕ್ಸ್‌ಚೇಂಜ್ ಅಕ್ಕ ಅಂತಲೇ ಕರೆಯುವುದು. ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿ ಎಂಟು ವರ್ಷವಾಗಿದೆ, ಹೆಸರು ಮಾತ್ರ ಅಂಟಿಕೊಂಡೇ ಉಳಿದಿದೆ. ಹತ್ತೊಂಬತ್ತು ವರ್ಷ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹೆರಿಗೆ ವಾರ್ಡು ಕೇಳಿದವರಿಗೆ ಹೆರಿಗೆ ವಾರ್ಡು, ಎಕ್ಸ್‌ರೇ ಕೇಳಿದವರಿಗೆ ಎಕ್ಸ್‌ರೇ ಕೊಡುತ್ತ ಕೂತವಳು. ಆ ಬೋರ್ಡನ್ನು ಗೋಡೆಯಿಂದ ಕಿತ್ತಾಗ ಅವಳನ್ನು ಮನೆಗೆ ಕಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಎರಡನೇ ಮಹಡಿಯ ನೆಟ್‌ವರ್ಕ್ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟರೇ ಹೊರತು ಕೆಲಸ ಕೊಡಲಿಲ್ಲ.

ಕೆಲಸ ಕೊಡದಿದ್ದರೆ ಹುಡುಕಿಕೊಳ್ಳುವ ಪೈಕಿ ಅವಳು. ಮೊದಲು ಕೇಬಲ್ಲುಗಳಿಗೆಲ್ಲ ಚೀಟಿ ಅಂಟಿಸಿದಳು. ಆಮೇಲೆ ಯಾವ ಪೆಟ್ಟಿಗೆ ಯಾವ ಕಟ್ಟಡಕ್ಕೆ ಸೇರಿದ್ದು ಎಂದು ಎಂಜಿನಿಯರುಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಐದು ವರ್ಷ ಕಳೆಯುವಷ್ಟರಲ್ಲಿ ಆ ಎಂಜಿನಿಯರುಗಳೇ ಅವಳನ್ನು ಕೇಳುವಂತಾಯಿತು.

ಹೀಗಿರುವಾಗ ನೆಟ್‌ವರ್ಕ್ ಕಾಯುವ ಹೊಸ ಸಾಫ್ಟ್‌ವೇರ್ ಬಂತು. ಏಳು ಕಟ್ಟಡಗಳ ಆರುನೂರು ಯಂತ್ರಗಳ ಮೇಲೆ ಕಣ್ಣಿಟ್ಟು, ಏನಾದರೂ ಆದರೆ ಮೊಬೈಲಿಗೆ ಅಲರ್ಟ್ ಕಳಿಸುವುದು ಅದರ ಕೆಲಸ. ವಿಭಾಗದ ಮುಖ್ಯಸ್ಥರು ಎಲ್ಲವೂ ತಮಗೆ ತಿಳಿಯಬೇಕೆಂದರು, ಎಲ್ಲವೂ ತಿಳಿಯತೊಡಗಿತು. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಅಲರ್ಟ್, ಗುಮಾಸ್ತರು ಐದು ಗಂಟೆಗೆ ಕಂಪ್ಯೂಟರ್ ಆರಿಸಿ ಮನೆಗೆ ಹೊರಟರೆ ಅಲರ್ಟ್, ಮರುದಿನ ಬಂದು ಹಾಕಿದರೆ ಇನ್ನೊಂದು. ಮೊದಲ ದಿನವೇ ಎರಡು ಸಾವಿರ ದಾಟಿತು. ವಾರದೊಳಗೆ ಕೋಣೆಯ ನಾಲ್ಕೂ ಜನ ಮೊಬೈಲಿನ ದನಿ ಅಡಗಿಸಿದರು. ಮುಖ್ಯಸ್ಥರ ದನಿಯಿಲ್ಲದ ಮೊಬೈಲು ಒಂದು ಸಭೆಯಲ್ಲಿ ನಡುಗುತ್ತ ನಡುಗುತ್ತ ಮೇಜಿನುದ್ದಕ್ಕೂ ತೆವಳಿ, ಎಲ್ಲ ಡಾಕ್ಟರುಗಳೂ ನೋಡುತ್ತಿರುವಂತೆಯೇ ಅಂಚಿನಿಂದ ಕೆಳಗೆ ಹಾರಿತು.

ಅವರು ಸಭೆ ಮುಗಿಸಿ ನೇರ ಅಕ್ಕನ ಹತ್ತಿರ ಬಂದರು.

"ಅಕ್ಕ, ಇದರ ಬಾಯಿ ಮುಚ್ಚಿಸೋಕೆ ಆಗುತ್ತಾ?"

"ಮುಚ್ಚಿಸಬಹುದು ಸಾರ್. ಆದ್ರೆ ಯಾವಾಗ ತೆರೀಬೇಕು ಅಂತ ಯಾರು ಹೇಳ್ತಾರೆ?"

"ನೀವೇ ಹೇಳಿ," ಎಂದು ಅವರು ಕೈ ತೊಳೆದುಕೊಂಡರು.

ಅಂದು ಸಂಜೆ ಮನೆಯಲ್ಲಿ ಬಟ್ಟೆ ಮಡಿಸುತ್ತ ಅಕ್ಕ ಇದನ್ನು ಗಂಡನ ಮುಂದೆ ಹೇಳಿದಳು. ಅವನು ನಗರದ ಬಸ್ಸಿನ ಚಾಲಕ. ತನ್ನ ಬಸ್ಸಿನಲ್ಲೂ ಒಂದು ಕೆಂಪು ದೀಪ ವರ್ಷದಿಂದ ಉರಿಯುತ್ತಲೇ ಇದೆ, ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಟೇಪು ಅಂಟಿಸಿದ್ದೇವೆ ಎಂದ. ನಿಜವಾಗಿಯೂ ಕೆಟ್ಟರೆ ಏನು ಗತಿ ಎಂದು ಅಕ್ಕ ಕೇಳಿದಳು. "ಆಗ ಬಸ್ಸೇ ನಿಂತು ಹೇಳುತ್ತೆ," ಎಂದ ಅವನು. ಅಕ್ಕ ನಕ್ಕಳು, ಆದರೆ ಟೇಪು ಅಂಟಿಸುವ ಕೆಲಸ ತಾನು ಮಾಡಬಾರದೆಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಮರುದಿನದಿಂದ ಕಾಗದ ಪೆನ್ನು ಹಿಡಿದು ಕಟ್ಟಡ ಕಟ್ಟಡ ಸುತ್ತಿದಳು. ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ಲೈನು ನಿಂತರೆ ಎಷ್ಟು ಹೊತ್ತಿಗೆ ತೊಂದರೆ ಶುರುವಾಗುತ್ತೆ? ಆಪರೇಷನ್ ಕೋಣೆಯ ನರ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಎಂದಳು. ಔಷಧಿ ಕೌಂಟರಿನವನು ಹತ್ತು ನಿಮಿಷ ತಡೆದೇನು, ಆಮೇಲೆ ಸಾಲು ಮೆಟ್ಟಿಲಿಗೆ ಬರುತ್ತೆ ಎಂದ. ಉಗ್ರಾಣದ ಮುದುಕರು ನಾಳೆ ಹೇಳಿದರೂ ನಡೆಯುತ್ತಮ್ಮ ಎಂದು ಮತ್ತೆ ಪತ್ರಿಕೆ ಬಿಡಿಸಿದರು.

ಆ ಉತ್ತರಗಳ ಮೇಲೆ ಅವಳು ಫಿಲ್ಟರುಗಳನ್ನು ಕಟ್ಟಿದಳು. ತಡೆಯಲಾಗದವು ಬಿದ್ದರೆ ತಕ್ಷಣ ಫೋನು ಬಾರಿಸಬೇಕು. ತಡೆಯಬಲ್ಲವು ಈಮೇಲಿಗೆ, ಉಳಿದವು ಮರುದಿನದ ಪಟ್ಟಿಗೆ. ಪ್ರಿಂಟರಿನ ಕಾಗದದ ಗೋಳು ಆಯಾ ಪ್ರಿಂಟರಿನ ಒಡೆಯರಿಗೇ. ಒಂದು ಕಟ್ಟಡದ ತಾಯಿಪೆಟ್ಟಿಗೆ ಬಿದ್ದಾಗ ಅದರ ಕೆಳಗಿನ ಮೂವತ್ತು ಯಂತ್ರಗಳೂ ಕೂಗಬಾರದು, ತಾಯಿಯೊಬ್ಬಳು ಕೂಗಿದರೆ ಸಾಕು. ತಡೆಯಬಲ್ಲ ಲೈನು ಬಿದ್ದು ಐದು ನಿಮಿಷದೊಳಗೆ ತಾನೇ ಎದ್ದರೆ ಹೇಳುವುದೇ ಬೇಡ. ಒಟ್ಟಿನಲ್ಲಿ ಸಾಫ್ಟ್‌ವೇರಿಗೆ ಅವಳು ಜಾಣಕಿವುಡು ಕಲಿಸಿದಳು.

ದಿನಕ್ಕೆ ಎರಡು ಸಾವಿರವಿದ್ದದ್ದು ಹನ್ನೊಂದಕ್ಕೆ ಇಳಿಯಿತು. ಮುಖ್ಯಸ್ಥರಿಗೆ ಎರಡು ದಿನ ಸ್ವರ್ಗ. ಮೂರನೇ ದಿನ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡುತ್ತ ಬಂದು, ಅದು ಬದುಕಿದೆಯಾ ಎಂದು ಕೇಳಿದರು. ಅವರ ಕಳವಳ ಅಕ್ಕನಿಗೆ ಅರ್ಥವಾಯಿತು. ಸುಮ್ಮನಿರುವ ಮಗುವನ್ನೂ ಹೆತ್ತವರು ಒಮ್ಮೆ ಮುಟ್ಟಿ ನೋಡುತ್ತಾರಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ 'ಏಳೂ ಕಟ್ಟಡ ಸರಿಯಿವೆ' ಎಂಬ ಒಂದೇ ಸಾಲು ಅವರಿಗೆ ಹೋಗುವಂತೆ ಮಾಡಿದಳು. ಅದನ್ನು ಓದಿದ ಮೇಲೇ ಅವರು ಚಹಾ ಕುಡಿಯುವುದು ರೂಢಿಯಾಯಿತು.

ಆರು ವಾರ ಹೀಗೇ ಸುಸೂತ್ರ ನಡೆಯಿತು. ಏಳನೇ ವಾರದ ಒಂದು ಬೆಳಿಗ್ಗೆ ಹತ್ತರ ಸಾಲು ಎಂದಿನಂತೆ ಹೋದ ಮೇಲೆ, ರಕ್ತಪರೀಕ್ಷೆ ಮಾಡುವ ಲ್ಯಾಬ್ ಅಣ್ಣ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ಕೈಯಲ್ಲಿ ರಿಪೋರ್ಟುಗಳ ಕಟ್ಟು.

"ಅಕ್ಕ, ಬೆಳಗಿಂದ ನಾನೇ ನಿಮ್ಮ ನೆಟ್‌ವರ್ಕು. ವಾರ್ಡಿಗೂ ಲ್ಯಾಬಿಗೂ ಮೂರು ಸಲ ಹತ್ತಿ ಇಳಿದೆ."

ಪರದೆಯ ಮೇಲೆ ಎಲ್ಲ ಹಸಿರು. ಅಕ್ಕ ಒಳಗಿನ ದಾಖಲೆ ತೆರೆದಳು. ಲ್ಯಾಬ್ ಇರುವ ಹಳೇ ಕಟ್ಟಡದ ಲೈನು ಎಂಟು ಗಂಟೆಯಿಂದ ಮೂವತ್ತೊಂದು ಸಲ ಬಿದ್ದು ಎದ್ದಿತ್ತು. ಪ್ರತಿ ಸಲವೂ ಎರಡು ಮೂರು ನಿಮಿಷ. ಐದು ನಿಮಿಷ ದಾಟಲಿಲ್ಲವಾದ್ದರಿಂದ ಅವಳ ಫಿಲ್ಟರು ಒಂದನ್ನೂ ಹೊರಗೆ ಬಿಟ್ಟಿರಲಿಲ್ಲ.

ಅವಳಿಗೆ ಕಸಿವಿಸಿಯಾದದ್ದು ತಪ್ಪಿಗಿಂತ ಹೆಚ್ಚಾಗಿ ಮರೆವಿಗೆ. ಎಕ್ಸ್‌ಚೇಂಜಿನಲ್ಲಿದ್ದಾಗ ಒಮ್ಮೆ ಬಾರಿಸಿ ಕಟ್ಟಾಗಿ, ಮತ್ತೆ ಬಾರಿಸಿ ಕಟ್ಟಾಗುವ ಕರೆಯನ್ನೇ ಅವಳು ಎಲ್ಲಕ್ಕಿಂತ ಮೊದಲು ಹಿಡಿಯುತ್ತಿದ್ದಳು. ಉದ್ದಕ್ಕೆ ಬಾರಿಸುವವರಿಗೆ ಪುರುಸೊತ್ತಿರುತ್ತದೆ. ಇಟ್ಟು ಇಟ್ಟು ಮಾಡುವವರಿಗೆ ಏನೋ ಗಾಬರಿಯಿರುತ್ತದೆ. ಇಷ್ಟು ಗೊತ್ತಿದ್ದವಳು ಯಂತ್ರದ ವಿಷಯದಲ್ಲಿ ನಿಮಿಷ ಎಣಿಸಿದಳೇ ಹೊರತು ಸಲ ಎಣಿಸಿರಲಿಲ್ಲ.

ತಪ್ಪನ್ನು ಕೇಬಲ್ಲಿನ ಮೇಲೆ ಹಾಕಿ ಸುಮ್ಮನಾಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ನಿಂತಳು.

"ಸಾರ್, ಲೈನು ಕೆಟ್ಟಿದ್ದು ಕೇಬಲ್ಲಿಂದ ಇರಬಹುದು. ನಮಗೆ ಗೊತ್ತಾಗದೆ ಹೋಗಿದ್ದು ನನ್ನ ತಪ್ಪು."

ಅವರು ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟರು. "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ ಸಾರ್. ಲ್ಯಾಬ್ ಅಣ್ಣನ ಮಂಡಿಗೆ ಮಾತ್ರ."

"ಸರಿ, ಲೈನನ್ನ ಮೊದಲು ಸರಿಮಾಡಿ," ಎಂದು ಹೇಳಿ, ಅವಳು ಬಾಗಿಲು ದಾಟುವಾಗ ಮತ್ತೆ ಕರೆದರು. "ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು."

ಕಾರಣ ಸಿಕ್ಕಿದ್ದು ಹಳೇ ಕಟ್ಟಡದ ಮೊಗಸಾಲೆಯಲ್ಲಿ. ಹಾಸಿಗೆ ಬಟ್ಟೆ ಇಡುವ ಕೋಣೆಯ ಬಾಗಿಲ ಮೇಲೆ ಕ್ಲಿಪ್ಪು ಕಳಚಿ ಕೇಬಲ್ಲು ಜೋತುಬಿದ್ದಿತ್ತು. ಯಾರಾದರೂ ಬಾಗಿಲು ತೆರೆದಾಗಲೆಲ್ಲ ಅದರ ಮೇಲಂಚು ಕೇಬಲ್ಲನ್ನು ಚೌಕಟ್ಟಿಗೆ ಅದುಮುತ್ತಿತ್ತು. ಅಂದು ಎಲ್ಲ ವಾರ್ಡುಗಳಲ್ಲೂ ಹೊದಿಕೆ ಬದಲಿಸುವ ದಿನ. ಅಕ್ಕ ಏಣಿ ಹಿಡಿದಳು, ಎಲೆಕ್ಟ್ರಿಷಿಯನ್ ಹತ್ತಿ ಹೊಸ ಕೇಬಲ್ಲು ಎಳೆದು ಕ್ಲಿಪ್ಪು ಬಿಗಿದ. ಮಧ್ಯಾಹ್ನದ ಊಟದ ಹೊತ್ತಿಗೆ ರಿಪೋರ್ಟುಗಳು ತಮ್ಮ ಪಾಡಿಗೆ ತಾವು ಹೋಗತೊಡಗಿದವು.

ಊಟ ಮುಗಿಸಿ ಬಂದವಳೇ ಅಕ್ಕ ಇನ್ನೊಂದು ನಿಯಮ ಸೇರಿಸಿದಳು: ಒಂದೇ ಗಂಟೆಯಲ್ಲಿ ಆರು ಸಲ ಬಿದ್ದರೆ, ಎಷ್ಟೇ ಬೇಗ ಎದ್ದಿರಲಿ, ಫೋನು ಬಾರಿಸು. ಪ್ರತಿ ಫಿಲ್ಟರಿನ ಪಕ್ಕ ಅದನ್ನು ಯಾಕೆ ಹಾಕಿದ್ದು, ಯಾರ ಮಾತಿನ ಮೇಲೆ ಹಾಕಿದ್ದು ಎಂದು ಎರಡು ಸಾಲು ಬರೆದಿಟ್ಟಳು. ತಿಂಗಳಿಗೊಮ್ಮೆ, ಹೊರಗೆ ಬಿಡದ ಅಲರ್ಟುಗಳನ್ನೆಲ್ಲ ಅಕ್ಕಿ ಆರಿಸುವಂತೆ ಕೂತು ನೋಡುತ್ತಾಳೆ. ಬಹುಪಾಲು ಕಲ್ಲೇ. ಅಪರೂಪಕ್ಕೊಂದು ಕಾಳು ಸಿಕ್ಕಿದ ದಿನ ಅವಳ ಮುಖ ನೋಡಬೇಕು.

ಈಗ ಅವಳ ಹುದ್ದೆಯ ಹೆಸರು ಉದ್ದವಾಗಿದೆ. ಅದನ್ನು ಪೂರ್ತಿ ಹೇಳಲು ಅವಳಿಗೇ ಬರುವುದಿಲ್ಲ. ಐದೂವರೆಗೆ ಕೋಣೆಯಿಂದ ಹೊರಟು, ಪಾಳಿ ಹೊಂದಿದ ದಿನ ಗಂಡನ ಬಸ್ಸನ್ನೇ ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಚಾಲಕನೊಂದಿಗೆ ಮಾತಾಡಬಾರದೆಂದು ಬೋರ್ಡು ಹಾಕಿರುವುದರಿಂದ ಇಬ್ಬರೂ ಮಾತಾಡುವುದಿಲ್ಲ. ಮೂರನೇ ನಿಲ್ದಾಣ ಬರುವುದರೊಳಗೆ ಅವಳಿಗೆ ನಿದ್ದೆ ಹತ್ತಿರುತ್ತದೆ. ಇಳಿಯುವ ಕಡೆ ಅವನೇ ತಿರುಗಿ, "ಏಳು, ಮನೆ ಬಂತು," ಎನ್ನುತ್ತಾನೆ.